ಒಂದು ಹನಿಯೂ ಸೋರದ ಅಣೆಕಟ್ಟು

ನಮ್ಮ ಕಿಂಡಿ ಅಣೆಕಟ್ಟಿಗೆ ಮೊದಲು ಮರದ ಹಲಗೆಗಳಿದ್ದವು. ಡಿಸೆಂಬರ್ ಬಂತೆಂದರೆ ಕಿಂಡಿಗಳಿಗೆ ಎರಡು ಸಾಲು ಹಲಗೆ ಇಳಿಸಿ, ನಡುವೆ ಕೆಂಪು ಮಣ್ಣು ತುಂಬಿ ತುಳಿಯುತ್ತಿದ್ದರು. ಎಷ್ಟು ತುಳಿದರೂ ಸೋರುತ್ತಿತ್ತು. ಬೇಸಿಗೆಯಿಡೀ ಕೆಳಗಿನ ಫಲ್ಗುಣಿ ಹೊಳೆ ಬದುಕುತ್ತಿದ್ದದ್ದು ಆ ಸೋರಿಕೆಯಿಂದಲೇ.

ಅಣೆಕಟ್ಟಿನಿಂದ ಕೂಗಿದರೆ ಕೇಳುವಷ್ಟು ಕೆಳಗೆ, ದೇವಸ್ಥಾನದ ಮೆಟ್ಟಿಲುಗಳು ಹೊಳೆಗೆ ಇಳಿಯುವಲ್ಲಿ, ಆಳವಾದ ಒಂದು ಗುಂಡಿ ಇದೆ. ಅದರಲ್ಲಿ ದೇವರ ಮೀನುಗಳು. ಊರಿನವರು ಪೆರುವೋಲು ಎನ್ನುತ್ತಾರೆ, ಇಂಗ್ಲಿಷಿನಲ್ಲಿ ಮಹಶೀರ್. ತೊಡೆಯಷ್ಟು ದಪ್ಪ, ಬೆನ್ನಿಗೆ ಹಳೆಯ ಹಿತ್ತಾಳೆಯ ಬಣ್ಣ. ಅವನ್ನು ಹಿಡಿಯುವುದು ಹಾಗಿರಲಿ, ಯಾರೂ ಮುಟ್ಟುವುದೂ ಇಲ್ಲ. ಅಕ್ಕಿಯನ್ನೋ ಹುರಿದ ಭತ್ತದ ಹೊದಳನ್ನೋ ಹಾಕಿ ಕೈಮುಗಿಯುತ್ತಾರೆ, ಅಷ್ಟೆ.

ನನ್ನ ಮನೆ ಗುಂಡಿಯ ಈಚೆ ದಡದಲ್ಲಿ. ಮದುವೆಯಾಗಿ ಬಂದ ಹೊಸತರಲ್ಲಿ, ಕಾನ್ವೆಂಟಿನ ಹಾಸ್ಟೆಲ್ ಬಿಟ್ಟು ಬಂದ ನನಗೆ ಮಾತಿಗೆ ಯಾರೂ ಸಿಗದೆ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತು ಈ ಮೀನುಗಳಿಗೆ "ಗುಡ್ ಮಾರ್ನಿಂಗ್, ಲೇಡೀಸ್" ಎನ್ನುತ್ತಿದ್ದೆ. ಸಿಸ್ಟರ್‌ಗಳು ಕಲಿಸಿದ ಅಷ್ಟೂ ಇಂಗ್ಲಿಷನ್ನು ನನ್ನಿಂದ ಕೇಳಿಸಿಕೊಂಡವು ಅವೇ.

ಈ ವರ್ಷ ಹಲಗೆಗಳು ಹೋಗಿ ಫೈಬರ್ ಶೀಟುಗಳು ಬಂದವು, ಅಂಚಿಗೆ ರಬ್ಬರು. ನೀರಿನ ಸಮಿತಿಯ ಅಧ್ಯಕ್ಷರು, ಮೇಲ್ಭಾಗದಲ್ಲಿ ಅಡಿಕೆ ತೋಟ ಇರುವವರು, ಬಂದವರಿಗೆಲ್ಲ ಅದನ್ನು ತೋರಿಸಿದರು. ಒಂದು ಹನಿಯೂ ಸೋರುತ್ತಿರಲಿಲ್ಲ. ಮೇಲೆ ಹೊಳೆ ಕೆರೆಯ ಹಾಗೆ ತುಂಬಿ ನಿಂತಿತು. ಕೆಳಗೆ ಕಲ್ಲುಗಳು ಎದ್ದವು, ಗುಂಡಿಯ ನೀರು ಮೆಟ್ಟಿಲು ಮೆಟ್ಟಿಲಾಗಿ ಇಳಿದು ಹಸಿರಾಯಿತು. ಮಾರ್ಚ್ ಮುಗಿಯುವುದರೊಳಗೆ ಮೀನುಗಳು ಮೇಲೆ ಬಂದು ಗಾಳಿಗೆ ಬಾಯಿ ತೆರೆಯತೊಡಗಿದವು. ಜನರು ಅದನ್ನು ಹಸಿವೆಂದುಕೊಂಡು ಇನ್ನಷ್ಟು ಅಕ್ಕಿ ಹಾಕಿದರು.

ನಾನು ಅಧ್ಯಕ್ಷರ ಮನೆಗೆ ಹೋದೆ.

"ಒಂದು ಶೀಟನ್ನು ಬೆರಳಿನಷ್ಟು ಎತ್ತಿಡಿ. ಪ್ಲೀಸ್. ಮಳೆ ಬರುವವರೆಗೆ ಅಷ್ಟು ಹರಿದರೆ ಸಾಕು."

"ಎಂತ ಬಾಯಮ್ಮ ನೀವು!" ಕ್ರಿಶ್ಚಿಯನ್ ಹೆಂಗಸರನ್ನು ನಮ್ಮಲ್ಲಿ ಹಾಗೆಯೇ ಕರೆಯುವುದು. "ಸೋರುವುದಿಲ್ಲ ಅಂತ ಊರೆಲ್ಲ ಹೇಳಿ ಆಗಿದೆ. ಈಗ ನಾವೇ ಸೋರಿಸುವುದಾ? ಆಚೆ ದಡದವರು ನಗಾಡ್ತಾರೆ."

"ಮೀನು ಸಾಯ್ತಾ ಉಂಟು."

ಅವರು ಗೋಡೆಯ ಕ್ಯಾಲೆಂಡರು ನೋಡಿದರು. ಕೆಟ್ಟವರಲ್ಲ. "ದೇವರ ಮೀನಿಗೆ ನೀರು ಪಿರಿಪಿರಿ ಅಂತ ಕೊಡ್ಲಿಕ್ಕೆ ಆಗ್ತದಾ? ಕೊಡುವುದಾದರೆ ಮರ್ಯಾದೆಯಲ್ಲಿ ಕೊಡುವ. ಬಿಸು ಹಬ್ಬದ ದಿನ ಕಾಯಿ ಒಡೆದು, ಎರಡು ಕಿಂಡಿ ಒಂದು ಗಂಟೆ ಪೂರ್ತಿ ಬಿಡುವ."

"ಒಮ್ಮೆಲೇ ಬೇಡ. ಸ್ಲೋ ಆಗಿ, ದಿನಾ..."

"ನೀವು ಹೇಳಿದ್ದಕ್ಕೇ ಮಾರಾಯ್ರೆ, ಇಷ್ಟು ಬಿಡುವುದು!" ಅವರಾಗಲೇ ದೇವಸ್ಥಾನದ ಭಟ್ಟರಿಗೆ ಫೋನ್ ಹಚ್ಚಿದ್ದರು.

ಬಿಸುವಿನ ಬೆಳಿಗ್ಗೆ, ತುಳುನಾಡಿನ ಹೊಸವರ್ಷದ ದಿನ, ಎರಡೂ ದಡಗಳಲ್ಲಿ ಜನ. ಚೈನಿನಲ್ಲಿ ಶೀಟು ಎತ್ತಿದ ಕೂಡಲೇ ನೀರು ಬಿಳಿಯಾಗಿ ಧುಮುಕಿತು. ಗುಂಡಿ ಕದಡಿತು. ಆಮೇಲೆ ನಾನು ಕಂಡದ್ದು ನನಗೇ ನಂಬಲಾಗಲಿಲ್ಲ. ಮೀನುಗಳು ಆ ನೀರಿಗೆ ಎದುರಾಗಿ ಮೇಲಕ್ಕೆ ಹೊರಟಿದ್ದವು. ಮುಂಗಾರಿನ ಹೊಸನೀರಿಗೆ ಏರುತ್ತವಲ್ಲ, ಹಾಗೆ. ಪಾಪ, ಮಳೆ ಬಂತೆಂದುಕೊಂಡವು. ಗುಂಡಿ ಬಿಟ್ಟು, ಕಲ್ಲು ದಾಟಿ, ಅಣೆಕಟ್ಟಿನ ಬುಡದವರೆಗೂ ಹೋದವು. ಜನ ಚಪ್ಪಾಳೆ ತಟ್ಟಿದರು, ವಿಡಿಯೋ ಮಾಡಿದರು.

ಗಂಟೆಯಾಯಿತು. ಶೀಟು ಇಳಿಸಿದರು. ರಬ್ಬರು ಕಚ್ಚಿಕೊಂಡಿತು.

ಚಹಾ ಕುಡಿದು ಮುಗಿಸುವಷ್ಟರಲ್ಲಿ ಕಲ್ಲುಗಳ ನಡುವಿನ ನೀರು ಬಸಿದುಹೋಗಿ, ಮೀನುಗಳು ಬಂಡೆಯ ಮೇಲೆ ಉಳಿದವು. ಬಾಲ ಬಡಿಯುವ ಸದ್ದು ಒದ್ದೆ ಬಟ್ಟೆಯನ್ನು ಕಲ್ಲಿಗೆ ಬಡಿದ ಹಾಗೆ ಕೇಳುತ್ತಿತ್ತು. ಅಷ್ಟು ಗಂಡಸರು ಕೈಮುಗಿದು ನಿಂತಿದ್ದರು. ಒಬ್ಬರೂ ಇಳಿಯಲಿಲ್ಲ. ದೇವರ ಮೀನನ್ನು ಮುಟ್ಟುವುದು ಹೇಗೆ?

ಸೇತುವೆಯ ಬಳಿ ಹೊದಳು ಮಾರುವ ಬ್ಯಾರಿ ಸಾಹೇಬರನ್ನು ಕೂಗಿದೆ, ಮುಸ್ಲಿಮರಿಗೆ ಈ ಮೀನು ದೇವರದ್ದಲ್ಲವಲ್ಲ ಎಂದುಕೊಂಡು. ಅವರು ಲುಂಗಿ ಎತ್ತಿಕಟ್ಟಿ, ಮತ್ತೆ ಬಿಟ್ಟರು. "ನಾನು ಇಳಿದರೆ ಮೀನು ಬದುಕೀತು ಬಾಯಮ್ಮ, ಆಮೇಲೆ ನನ್ನನ್ನು ಯಾರು ಬದುಕಿಸ್ತಾರೆ?"

ನಾನೇ ಇಳಿದೆ. ಮೊಣಕಾಲು ಕಲ್ಲಿಗೆ ಉಜ್ಜಿತು. ಒಂದನ್ನು ಸೆರಗಿನಲ್ಲಿ ಸುತ್ತಿ ಎತ್ತಲು ನೋಡಿದೆ, ಮಗುವಿನಷ್ಟು ಭಾರ, ಜಾರಿತು. "ಓಪನ್ ಮಾಡಿ! ಮತ್ತೆ ಓಪನ್ ಮಾಡಿ!" ಎಂದು ಕಿರುಚಿದೆ. ಅಧ್ಯಕ್ಷರು ಅಣೆಕಟ್ಟಿನ ಮೇಲೆ ಓಡಾಡುತ್ತಿದ್ದರು. ಚೈನು ಎಳೆಯುವವರು ಹಬ್ಬದ ಊಟಕ್ಕೆಂದು ಬೈಕ್ ಹತ್ತಿ ಹೋಗಿಯಾಗಿತ್ತು. ಕೊನೆಗೆ ಅಧ್ಯಕ್ಷರು ಭಟ್ಟರನ್ನು ಕೇಳಿದರು, "ಮುಟ್ಟಬಹುದಾ?"

ಭಟ್ಟರು ಬಹಳ ಹೊತ್ತು ಹೊಳೆ ನೋಡಿದರು. "ಕೈಯಲ್ಲಿ ಬೇಡ. ತೆಂಗಿನ ಮಡಲಿನಲ್ಲಿ ದೂಡಿ."

ಮಡಲು ಕಡಿದು ತರಲು ಹೋದರು. ತಂದರು. ದೂಡಿದರು. ಹುರುಪೆ ಕಿತ್ತು ಬಂದು ಬಂಡೆಗೆ ಅಂಟಿಕೊಂಡಿತು. ಗುಂಡಿ ಮುಟ್ಟಿದ್ದು ಕೆಲವು. ಉಳಿದವನ್ನು ಸಂಜೆ ಬಿಳಿ ಬಟ್ಟೆಯಲ್ಲಿ ಸುತ್ತಿ ದೇವಸ್ಥಾನದ ಹಿಂದೆ ಹೂತರು. ಹೂಳುವಾಗ ಎಲ್ಲರೂ ಮುಟ್ಟಿದರು.

ಮರುದಿನ ಅಧ್ಯಕ್ಷರ ಮನೆಗೆ ಮತ್ತೆ ಹೋದೆ. ಅವರ ಕಣ್ಣು ಕೆಂಪಾಗಿತ್ತು.

"ಬೆರಳಿನಷ್ಟು," ಎಂದೆ.

"ಬಿಟ್ಟದ್ದಕ್ಕೇ ಹೀಗಾಯ್ತಲ್ಲ ಬಾಯಮ್ಮ. ಬಿಡುವುದು ದೇವರಿಗೆ ಇಷ್ಟ ಇಲ್ಲ ಅಂತ ಕಾಣ್ತದೆ. ಇನ್ನು ಕೇಳಬೇಡಿ."

ಇನ್ನೇನು ಕೇಳಲಿ? ಈಗ ನನ್ನ ಬಾವಿಯ ಪಂಪಿಗೆ ಉದ್ದದ ಪೈಪು ಸಿಕ್ಕಿಸಿ ಗುಂಡಿಗೆ ಬಿಟ್ಟಿದ್ದೇನೆ. ನೀರು ಮೇಲಿನಿಂದ ಬೀಳುವಲ್ಲಿ, ನೊರೆಯ ಕೆಳಗೆ, ಉಳಿದವು ಒತ್ತೊತ್ತಾಗಿ ಬಂದು ನಿಲ್ಲುತ್ತವೆ. ಆದರೆ ನನ್ನ ಬಾವಿಗೂ ನೀರು ಬರಬೇಕಾದದ್ದು ಅದೇ ಒಣಗಿದ ಹೊಳೆಯಿಂದ. ಬೆಳಿಗ್ಗೆ ಹತ್ತು ಗಂಟೆಗೆಲ್ಲ ಪಂಪು ಕೆಸರು ಕಾರುತ್ತದೆ. ಆಫ್ ಮಾಡುತ್ತೇನೆ. ಬಾವಿಕಟ್ಟೆಗೆ ಒರಗಿ, ನೀರು ಊರುವುದನ್ನೇ ಕಾಯುತ್ತೇನೆ. ಮೇಲೆ ಮೋಡವಿಲ್ಲ.