ಬರಬೇಕಾದ ಹಲ್ಲು

ನನಗೊಬ್ಬಳು ಅವಳಿ ಅಕ್ಕ ಇದ್ದಳು. ಅವಳು ಎಡಚಿ, ನಾನು ಬಲಗೈಯವಳು. ಪಕ್ಕಪಕ್ಕ ಊಟಕ್ಕೆ ಕೂತರೆ ಮೊಣಕೈ ತಾಗಿ ಜಗಳವಾಗುತ್ತದೆಂದು ಅವ್ವ ನಮ್ಮನ್ನು ಎದುರುಬದುರು ಕೂರಿಸುತ್ತಿದ್ದಳು. ಹಾಲುಹಲ್ಲು ಬೀಳತೊಡಗಿದಾಗಲೂ ಅಷ್ಟೇ. ಮುಂದಿನ ಹಲ್ಲು ನನಗೆ ಬಲಗಡೆಯದು ಬಿತ್ತು, ಅವಳಿಗೆ ಎಡಗಡೆಯದು. ಅವಳು ನಕ್ಕರೆ ಕನ್ನಡಿ ನೋಡಿದ ಹಾಗಾಗುತ್ತಿತ್ತು.

ಆ ಮಳೆಗಾಲದಲ್ಲಿ ಅವಳಿಗೆ ಜ್ವರ ಬಂತು. ಅಪ್ಪ ಸುಂಟಿಕೊಪ್ಪದ ಹತ್ತಿರದ ಎಸ್ಟೇಟೊಂದರಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರ್ ಆಗಿದ್ದ. ಜೀಪಿನಲ್ಲಿ ಮಡಿಕೇರಿ ಆಸ್ಪತ್ರೆಗೆ ಕರೆದುಕೊಂಡು ಹೋದವರು ಅವಳನ್ನು ಕಂಬಳಿಯಲ್ಲಿ ಸುತ್ತಿ ತಂದರು. ಸಣ್ಣ ಮಕ್ಕಳನ್ನು ಸುಡುವುದಿಲ್ಲ. ತೋಟದ ಮೇಲಂಚಿನಲ್ಲಿ ಒಂದು ಹಲಸಿನ ಮರದ ಬುಡದಲ್ಲಿ ಮಣ್ಣು ಮಾಡಿದರು.

ಸ್ವಲ್ಪ ದಿನಕ್ಕೆ ನನಗೆ ಹೊಸ ಹಲ್ಲು ಮೂಡಿತು. ಅವ್ವ ನನ್ನನ್ನು ಬಾಗಿಲ ಬೆಳಕಿಗೆ ಎಳೆದುಕೊಂಡು ಹೋಗಿ, ಗಲ್ಲ ಹಿಡಿದೆತ್ತಿ ನೋಡಿದಳು.

"ಇಷ್ಟೊತ್ತಿಗೆ ಅವ್ಳಿಗೂ ಬಂದಿರದು," ಅಂದಳು.

ಆಮೇಲೆ ಅದೇ ರೂಢಿಯಾಯಿತು. ಹಲ್ಲು ಎಷ್ಟು ಇಳಿದಿದೆ ಎಂದು ಬೆರಳಿಟ್ಟು ನೋಡುವುದು. ನನ್ನ ಬಾಯಲ್ಲಿ ಅವಳು ಇನ್ನೊಬ್ಬಳ ವಯಸ್ಸನ್ನು ಅಳೆಯುತ್ತಿದ್ದಾಳೆ ಎಂದು ನನಗೆ ಆಗಲೇ ತಿಳಿಯುತ್ತಿತ್ತು. ಒಂದು ಸಂಜೆ ಬಳಪವನ್ನು ನನ್ನ ಎಡಗೈಗೆ ಕೊಟ್ಟಳು. "ಅವ್ಳ ಹಂಗೇ ಒಂಚೂರು ಬರಿ, ನೋಡಾನ." ನಾನು ಬರೆದೆ. ಅಕ್ಷರ ಸೊಟ್ಟಪಟ್ಟ ಬಂತು. ಅವಳು ಸ್ಲೇಟನ್ನು ನೋಡಲೇ ಇಲ್ಲ, ನನ್ನ ಕೈಯನ್ನೇ ನೋಡುತ್ತಿದ್ದಳು. ಮರುದಿನವೂ ಕೊಟ್ಟಳು. ಬರೆಯುತ್ತ ಬರೆಯುತ್ತ ಕೈ ಪಳಗಿತು. ಪಳಗಿದಷ್ಟೂ ನನಗೆ ಹೆದರಿಕೆ. ಆ ಕೈ ಯಾರದ್ದು ಎಂದು ಹಾಸಿಗೆಯಲ್ಲಿ ಯೋಚಿಸುತ್ತಿದ್ದೆ. ಕೊನೆಗೊಂದು ದಿನ ಅಪ್ಪ ನೋಡಿಬಿಟ್ಟ. ಬಳಪ ತೆಗೆದು ನನ್ನ ಬಲಗೈಗಿಟ್ಟು, "ಇವ್ಳನ್ನ ಇವ್ಳಾಗೇ ಇರಕ್ ಬಿಡು," ಅಂದ. ಅಲ್ಲಿಂದಾಚೆ ನಮ್ಮ ಮನೆಯಲ್ಲಿ ಅಕ್ಕನ ಹೆಸರನ್ನು ಯಾರೂ ಎತ್ತಲಿಲ್ಲ.

ಈಗ ಅಪ್ಪ ಇಲ್ಲ. ಸುಂಟಿಕೊಪ್ಪದಲ್ಲಿ ನನ್ನ ಟೈಲರಿಂಗ್ ಅಂಗಡಿಯ ಹಿಂದಿನ ಮನೆಯಲ್ಲಿ ಅವ್ವ ನಮ್ಮ ಜೊತೆಗಿದ್ದಾಳೆ. ನನ್ನ ಮಗಳು ಎಡಚಿ. ಗಂಡನ ಕಡೆಯಲ್ಲೂ ಒಬ್ಬರಿಬ್ಬರು ಎಡಚರಿದ್ದಾರೆ, ಅದರಲ್ಲೇನು ವಿಶೇಷ ಎಂದು ನಾನು ಸಮಾಧಾನ ಮಾಡಿಕೊಂಡಿದ್ದೆ. ಆದರೆ ಮಗು ಎಡಗೈಯಲ್ಲಿ ರೊಟ್ಟಿ ಮುರಿದ ಮೊದಲ ದಿನ ಅವ್ವ ಎದ್ದು ಹಿತ್ತಲಿಗೆ ಹೋದವಳು ಬಹಳ ಹೊತ್ತು ಬರಲಿಲ್ಲ.

ಕಳೆದ ವರ್ಷ ಮಗಳ ಮುಂದಿನ ಹಲ್ಲು ಬಿತ್ತು. ಎಡಗಡೆಯದು. ಪಕ್ಕದ ಹಲ್ಲು ಬಿದ್ದು, ಅಲ್ಲಿ ಹೊಸದೂ ಬಂತು. ಎಡಗಡೆ ಮಾತ್ರ ಖಾಲಿಯೇ ಉಳಿಯಿತು. ತಿಂಗಳುಗಳು ಕಳೆದವು. ಅವ್ವ ಮತ್ತೆ ಶುರು ಮಾಡಿದಳು. ಬೆಳಿಗ್ಗೆ ಕಿಟಕಿಯ ಹತ್ತಿರ ಮಗುವಿನ ಗಲ್ಲ ಎತ್ತುವುದು, ವಸಡು ಸವರುವುದು. ಮಗುವಿಗೆ ಸ್ವಲ್ಪ ಮೈ ಬೆಚ್ಚಗಾದರೂ ನಾನು ಹೊಲಿಗೆ ಬಿಟ್ಟು ಓಡಿ ಬರುತ್ತಿದ್ದೆ. ನಾವಿಬ್ಬರೂ ಒಂದೇ ವಿಷಯಕ್ಕೆ ಹೆದರುತ್ತಿದ್ದೆವು, ಒಬ್ಬರಿಗೊಬ್ಬರು ಬಾಯಿಬಿಡುತ್ತಿರಲಿಲ್ಲ.

ಕೊನೆಗೆ ಕುಶಾಲನಗರದ ಹಲ್ಲಿನ ಡಾಕ್ಟರ ಹತ್ತಿರ ಮೂವರೂ ಹೋದೆವು. ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಎಕ್ಸ್‌ರೇ ತೆಗೆಸಿ ಕಂಪ್ಯೂಟರಿನಲ್ಲಿ ತೋರಿಸಿದರು. ನನ್ನ ಮಗಳ ದವಡೆಯ ಮೂಳೆಯೊಳಗೆ, ಕಾಣುವ ಹಲ್ಲುಗಳ ಹಿಂದೆ ಇನ್ನೊಂದು ಸಾಲು ಬೆಳ್ಳಗೆ ಒತ್ತೊತ್ತಾಗಿ ಕೂತಿತ್ತು.

"ನೋಡಿ, ಇಲ್ಲೇ ಇದೆ. ಸ್ವಲ್ಪ ವಾಲಿದೆ, ಅಷ್ಟೇ. ಬರ್ತದೆ."

ಅವ್ವ ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಎಲ್ಲಾ ಮಕ್ಳಿಗೂ ಹಿಂಗೇ ಒಳಗೇ ಇರ್ತವಾ, ಡಾಕ್ಟ್ರೇ? ಬೀಳಕ್ಕೆ ಮುಂಚೇನೇ?"

"ಹೌದಮ್ಮಾ. ಇವು ಹುಟ್ಟಿದಾಗಿಂದ್ಲೂ ಒಳಗೊಳಗೇ ಬೆಳೀತಾ ಇರ್ತವೆ."

ವಾಪಸು ಬರುವಾಗ ಬಸ್ಸಿನಲ್ಲಿ ಅವ್ವ ಮೆಲ್ಲಗೆ ಕೇಳಿದಳು: "ಹಂಗಾರೆ ಅವ್ಳ ಬಾಯಲ್ಲೂ ಇದ್ವು, ಅಲ್ವಾ? ಎಲ್ಲಾವೂ?"

ನಾನು ಹೌದೆಂದು ತಲೆಯಾಡಿಸಿದೆ. "ಅವೆಲ್ಲಾ ಈಗ್ಲೂ ಅಲ್ಲೇ ಅವೆ, ಮಣ್ಣಲ್ಲಿ," ಅಂದಳು. ಎಸ್ಟೇಟಿನ ಸ್ಟಾಪು ಬಂದಾಗ ನನ್ನನ್ನು ಕೇಳದೆ ಎದ್ದು ನಿಂತಳು. ಇಳಿದೆವು.

ತೋಟ ಕೈಬದಲಾಗಿತ್ತು. ಗೇಟಿನವನು ಪರಿಚಯ ಕೇಳಿ ಒಳಗೆ ಬಿಟ್ಟ. ಮೇಲಂಚಿನಲ್ಲಿ ಹಳೆಯ ಕಾಫಿ ಕಿತ್ತು ಹೊಸ ಗಿಡ ಹಾಕಿದ್ದರು. ಇದ್ದಬದ್ದ ಮರಗಳಿಗೆಲ್ಲ ಮೆಣಸಿನ ಬಳ್ಳಿ ಹಬ್ಬಿತ್ತು. ಹಲಸಿನ ಮರ ಯಾವುದೆಂದು ಅವ್ವನಿಗೆ ಗುರುತು ಹತ್ತಲಿಲ್ಲ. ಸಾಲಿನಿಂದ ಸಾಲಿಗೆ ನಡೆದಳು, ನಿಂತಳು, ತಿರುಗಿ ಬಂದಳು. ಆಮೇಲೆ ತೋಟದ ಕಡೆ ಮುಖ ಮಾಡಿ, ಗದ್ದೆಯಾಚೆ ಆಡುತ್ತಿರುವವರನ್ನು ಊಟಕ್ಕೆ ಕರೆಯುವಂತೆ ಗಟ್ಟಿಯಾಗಿ ಅಕ್ಕನ ಹೆಸರು ಹಿಡಿದು ಕರೆದಳು.

ಮುಂದೆ ಹೋಗುತ್ತಿದ್ದ ನನ್ನ ಮಗಳು ತಿರುಗಿದಳು. "ಯಾರನ್ನ ಕರೀತಿದೀಯ, ಅಜ್ಜಿ?"

"ನಿಮ್ಮ ದೊಡ್ಡಮ್ಮನ್ನ. ನಿನ್ನಷ್ಟೇ ಇದ್ಲು. ಇಲ್ಲೇ ಮಲಗಿಸಿದ್ವಿ."

ಮಗು ಸುತ್ತ ನೋಡಿತು. ನಾಲಗೆಯನ್ನು ತನ್ನ ಹಲ್ಲಿನ ಸಂದಿಗೆ ತೂರಿಸಿ ಒಂದು ಗಳಿಗೆ ಯೋಚಿಸಿತು.

"ಅವ್ಳಿಗೆ ಹಲ್ಲು ಬಂತಾ?"

"ಬತ್ತಾ ಇತ್ತು ಮಗಾ," ಅಂದಳು ಅವ್ವ. "ಬತ್ತಾನೇ ಇತ್ತು."

ಮಗಳ ಹಲ್ಲು ಈ ಮಳೆಗಾಲದಲ್ಲಿ ಬಂತು, ಸ್ವಲ್ಪ ಓರೆಯಾಗಿ. ಓಡಿ ಹೋಗಿ ಅಜ್ಜಿಗೆ ತೋರಿಸಿದಳು. ಅವ್ವ ಅವಳ ತಲೆ ಸವರಿದಳು, ಮೊದಲಿನ ಹಾಗೆ ಗಲ್ಲ ಎತ್ತಿ ಬಾಯೊಳಗೆ ಮಾತ್ರ ನೋಡಲಿಲ್ಲ.