ರಾಜಾ ಕಚ್ಚಲು ಬಂದದ್ದೇಕೆ?

ನಮ್ಮ ನಾಯಿ ರಾಜಾನನ್ನು ಒಯ್ಯಲು ಬಂದಿದ್ದ ಸಿದ್ದಪ್ಪಣ್ಣ, ಅಂಗಳದಲ್ಲಿ ಅದರ ಪಕ್ಕ ಕೂತು ಮೆಲ್ಲಗೆ ಕಿವಿ ಎತ್ತಿ ಮೂಸಿ ನೋಡಿದರು. ನನಗೆ ಗಾಬರಿಯಾಯಿತು. ತಲೆ ಸವರಲು ಹೋದ ನನ್ನ ಮಗಳ ಕೈಗೆ ಅದು ಹಿಂದಿನ ದಿನವಷ್ಟೇ ಬಾಯಿ ಹಾಕಿತ್ತು. ಪುಣ್ಯಕ್ಕೆ ಹಲ್ಲು ನಾಟಿರಲಿಲ್ಲ. ‘ಇನ್ನು ಇದು ಮನೆಯಲ್ಲಿ ಬೇಡ’ ಎಂದು ನಾನೇ ಹಟ ಹಿಡಿದು, ಯಡ್ರಾವದಲ್ಲಿ ಪವರ್‌ಲೂಮ್ ನಡೆಸುವ, ನಾಯಿಗಳನ್ನು ಅಕ್ಕರೆಯಿಂದ ಸಾಕುವ ಅವರಿಗೆ ಹೇಳಿ ಕಳಿಸಿದ್ದೆ.

ಕಿವಿಯೊಳಗೆ ಕಂದು ಬಣ್ಣದ ಜಿಡ್ಡು ಕಟ್ಟಿತ್ತು.

“ಇದು ಸಿಟ್ಟಲ್ರಿ ಅಕ್ಕಾರ, ಕಿವಿ ಭಾಳ ನೋಯಾಕತ್ತಾವ ಇದಕ್ಕ. ಮೊದಲ ಡಾಕ್ಟರಿಗೆ ತೋರಸ್ರಿ. ಆಮ್ಯಾಲೂ ಬ್ಯಾಡ ಅನಿಸಿದ್ರ ನಾ ಒಯ್ತೇನಿ,” ಎಂದವರು ಬರಿಗೈಯಲ್ಲೇ ಹೊರಟುಬಿಟ್ಟರು.

ಇಚಲಕರಂಜಿಯ ಪಶುವೈದ್ಯರು ಎರಡೂ ಕಿವಿಗಳಲ್ಲಿ ಯೀಸ್ಟ್ ಸೋಂಕು ಇದೆ ಎಂದರು. ನಾಯಿಯ ಮೈಯಿಂದ ಹುಳಿ ವಾಸನೆ ಬರುತ್ತದೆಂದು ನಾನು ದಿನ ಬಿಟ್ಟು ದಿನ ಸ್ನಾನ ಮಾಡಿಸುತ್ತಿದ್ದೆ. ಕಿವಿಯಲ್ಲಿ ಉಳಿದ ನೀರಿನಿಂದ ಸೋಂಕು ಇನ್ನಷ್ಟು ಹೆಚ್ಚಾಗಿತ್ತಂತೆ. ಅವರು ಹೇಳಿದಂತೆ ಕಿವಿ ಒರೆಸಿ, ಔಷಧದ ಹನಿ ಹಾಕುತ್ತ ಬಂದೆವು. ಮೂರನೆಯ ವಾರ ರಾಜಾ ತಾನಾಗಿಯೇ ಬಂದು ಮಗಳ ತೊಡೆಯ ಮೇಲೆ ತಲೆಯಿಟ್ಟು ಮಲಗಿತು. ಅವಳು ಅದರ ಕಿವಿ ಸವರುವುದನ್ನು ಕಂಡು ನನ್ನ ಕಣ್ಣು ತುಂಬಿ ಬಂತು.

ಕಚ್ಚಲು ಬರುವ ಮೊದಲು ಒಂದು ತಿಂಗಳು ಅದು ನನ್ನ ಕಣ್ಣೆದುರೇ ತಲೆ ಕೊಡವುತ್ತಿತ್ತು, ಕಿವಿ ಕೆರೆದುಕೊಳ್ಳುತ್ತಿತ್ತು. ನಾನು ಗದರಿದೆನೇ ಹೊರತು ಒಮ್ಮೆಯೂ ಆ ಕಿವಿ ಎತ್ತಿ ನೋಡಲಿಲ್ಲ. ಈಗ ಮನೆಯಲ್ಲಿ ಯಾರಾದರೂ ಸುಮ್ಮಸುಮ್ಮನೆ ಸಿಡುಕಿದರೆ, ತಿರುಗಿ ಮಾತಾಡುವ ಮೊದಲು ಒಂದು ಗಳಿಗೆ ಪಕ್ಕದಲ್ಲಿ ಕೂರುತ್ತೇನೆ.