ಫೋನ್ ಕೇಳಿತು, ಅವ್ವ ‘ಆತು’ ಅಂದಳು

ಶ್ರಾವಣ ಸೋಮವಾರ ಬೆಳಿಗ್ಗೆ ಫ್ಯಾಕ್ಟರಿ ಕ್ಯಾಂಟೀನಿನಲ್ಲಿ ಚಹಾ ಕುಡಿಯುತ್ತಾ ಮೊಬೈಲ್ ನೋಡಿದೆ. ‘ಅಜ್ಜಿಯ ನಾಷ್ಟಾ ಆಗಿದೆ, ಮಾತ್ರೆ ತೆಗೆದುಕೊಂಡಿದ್ದಾರೆ’ ಎಂದು ಮೆಸೇಜ್ ಬಂದಿತ್ತು. ನೆಮ್ಮದಿಯಿಂದ ಕೆಲಸಕ್ಕೆ ಮರಳಿದೆ.

ಮಧ್ಯಾಹ್ನ ಆಗುವ ಮೊದಲೇ ಪಕ್ಕದ ಮನೆಯ ಕಾಕು ಫೋನ್ ಮಾಡಿದರು.

“ಭಾಊ, ಲವಕರ್ ಯಾ!” ಬೇಗ ಬನ್ನಿ ಅಂದರು. ಅವ್ವನ ಮೈಯೆಲ್ಲ ಬೆವರಂತೆ, ಕೈ ನಡುಗುತ್ತಿದೆಯಂತೆ, ಮಾತು ತೊದಲುತ್ತಿದೆಯಂತೆ...

ಫ್ಯಾಕ್ಟರಿ ಇರುವ ಓಝರ್‌ನಿಂದ ನಾಸಿಕದ ಮನೆ ದೂರವೇನಲ್ಲ. ಆದರೆ ಅವತ್ತು ಆ ರಸ್ತೆ ಮುಗಿಯಲೇ ಇಲ್ಲ.

ನಾನು ಮನೆ ಸೇರುವಷ್ಟರಲ್ಲಿ ಕಾಕು ಸಕ್ಕರೆ ನೀರು ಕುಡಿಸಿದ್ದರು. ಅವರ ಯಜಮಾನರಿಗೂ ಅವ್ವನ ಹಾಗೆ ಶುಗರ್ ಇದೆ, ನೋಡಿದ ಕೂಡಲೇ ಅವರಿಗೆ ತಿಳಿದಿತ್ತು. ಅವ್ವ ಗೋಡೆಗೆ ಒರಗಿ ಕೂತಿದ್ದಳು. ನನ್ನನ್ನು ನೋಡಿ, “ಕೆಲಸಾ ಬಿಟ್ಟು ಯಾಕ ಬಂದಿಯೋ?” ಅಂದಳು.

ರಕ್ತದಲ್ಲಿನ ಸಕ್ಕರೆ ಅಪಾಯ ಅನ್ನುವಷ್ಟು ಇಳಿದಿತ್ತು. ಅವ್ವ ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ಆದರೆ ಶುಗರ್ ಮಾತ್ರೆ ನುಂಗಿದ್ದಳು.

ಹಾಗಾದರೆ ನನಗೆ ಬಂದ ಮೆಸೇಜ್?

ಅದರ ಹಿನ್ನೆಲೆ ಹೇಳಬೇಕು. ಮಗಳು ಶ್ರೇಯಾ ಛತ್ರಪತಿ ಸಂಭಾಜಿನಗರದಲ್ಲಿ ಕಂಪ್ಯೂಟರ್ ಓದುತ್ತಿದ್ದಾಳೆ, ಹಾಸ್ಟೆಲ್‌ನಲ್ಲಿ ಇರುತ್ತಾಳೆ. ನಾನು ಫ್ಯಾಕ್ಟರಿಗೆ, ಹೆಂಡತಿ ಶಾಲೆಗೆ ಹೋದ ಮೇಲೆ ಮನೆಯಲ್ಲಿ ಅವ್ವ ಒಬ್ಬಳೇ. ಭಾಲ್ಕಿಯಿಂದ ಬಂದವಳು, ಕನ್ನಡ ಬಿಟ್ಟರೆ ಬೇರೆ ಮಾತು ಅಷ್ಟಕ್ಕಷ್ಟೆ. ಅವಳಿಗಾಗಿ ಶ್ರೇಯಾ ಒಂದು ಚಿಕ್ಕ ಎಐ ಟೂಲ್ ಮಾಡಿದ್ದಳು.

ಅಡುಗೆಮನೆಯಲ್ಲಿಟ್ಟ ಹಳೆಯ ಫೋನು ಬೆಳಿಗ್ಗೆ “ಅಜ್ಜಿ, ನಾಷ್ಟಾ ಆತೇನು?” ಎಂದು ಕೇಳುತ್ತದೆ. ಅವ್ವ ಆತು ಅಂದರೆ ಮಾತ್ರೆ ನೆನಪಿಸುತ್ತದೆ, ನನಗೆ ಮೆಸೇಜ್ ಕಳಿಸುತ್ತದೆ. ಇಷ್ಟೇ.

ದನಿ ಶ್ರೇಯಾಳದೇ. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಓದಲು ಬರುವುದಿಲ್ಲ. ಹಾಗಾಗಿ ನಾನು ಕನ್ನಡ ವಾಕ್ಯಗಳನ್ನು ದೇವನಾಗರಿ ಲಿಪಿಯಲ್ಲಿ ಬರೆದುಕೊಟ್ಟಿದ್ದೆ. ಅವಳು ನೋಡಿಕೊಂಡು ಓದಿ ರೆಕಾರ್ಡ್ ಮಾಡಿದ್ದಳು.

ಡಾಕ್ಟರು ಉಪವಾಸ ಬೇಡ ಅಂದಿದ್ದರು. ಅವ್ವ ತಲೆಯಾಡಿಸಿದ್ದಳು. ಇಲ್ಲಿನವರ ಉಪವಾಸದಲ್ಲಿ ಸಾಬುದಾಣೆ ಖಿಚಡಿಯಾದರೂ ನಡೆಯುತ್ತದೆ. ಅವ್ವನ ಶ್ರಾವಣ ಸೋಮವಾರಕ್ಕೆ ಸಂಜೆ ಪೂಜೆ ಆಗುವವರೆಗೆ ಬರೀ ನೀರು. ಹೆಂಡತಿ ಮುಚ್ಚಿಟ್ಟು ಹೋದ ಉಪ್ಪಿಟ್ಟು ಹಾಗೇ ಇತ್ತು.

ಅವ್ವ ಸ್ವಲ್ಪ ಸುಧಾರಿಸಿದ ಮೇಲೆ ಕೇಳಿದೆ. “ಉಂಡಿಲ್ಲಂದ್ರ ಆತು ಅಂತ ಯಾಕ ಹೇಳ್ದಿ ಅವ್ವ?”

“ಮತ್ತೇನ್ ಹೇಳ್ಲಿ? ಇಲ್ಲ ಅಂದ್ರ ಶ್ರೇಯಾನ ಜೀವ ಅಲ್ಲಿ ಕುದೀತದ. ಪರೀಕ್ಷಾ ಬ್ಯಾರೆ ಅವ.”

“ಅದು ಅಕಿ ಅಲ್ಲ, ಮಷಿನ್ನು.”

“ದನಿ ಅಕಿದೇ ಅಲ್ಲೇನು?”

ನಾನು ಉಪ್ಪಿಟ್ಟು ಬಿಸಿಮಾಡಲು ಎದ್ದೆ.

ಯೋಚಿಸಿದರೆ, ನಮ್ಮ ಕಡೆ ಊಟ ಆತೇನ್ರಿ ಎಂದು ಕೇಳಿದರೆ ಯಾರು ಇಲ್ಲ ಅನ್ನುತ್ತಾರೆ? ಇಲ್ಲ ಅಂದರೆ ಕೇಳಿದವರು ಒಲೆ ಹಚ್ಚಬೇಕಾಗುತ್ತದೆ. ಹೊಟ್ಟೆ ಹಸಿದಿದ್ದರೂ ಆತ್ರಿ ಅನ್ನುವುದೇ ರೀತಿ. ಅವ್ವ ಬದುಕಿಡೀ ಹಾಗೇ ಹೇಳಿದವಳು. ಪ್ರೋಗ್ರಾಂ ಸರಿಯಾಗಿಯೇ ಕೆಲಸ ಮಾಡಿತ್ತು. ನಾವು ಕೇಳಿದ ಪ್ರಶ್ನೆ ಸರಿ ಇರಲಿಲ್ಲ.

ಸುದ್ದಿ ತಿಳಿದು ಶ್ರೇಯಾ ಫೋನಿನಲ್ಲೇ ಅತ್ತಳು. ಮೊದಲು ಸಿಕ್ಕ ಬಸ್ ಹತ್ತಿ ಬಂದಳು. ಚಪ್ಪಲಿ ಬಿಟ್ಟವಳೇ ಅಡುಗೆಮನೆಗೆ ಹೋಗಿ ಆ ಫೋನ್ ಕೈಗೆತ್ತಿಕೊಂಡಳು. “ಪಪ್ಪಾ, ಡಿಲೀಟ್ ಮಾಡ್ತೀನಿ. ನಕೋ ಹೇ, ಬೇಡ ಇದು.”

ಅವ್ವ ಅವಳ ಕೈ ಹಿಡಿದಳು. “ತೆಗೀಬ್ಯಾಡ ತಂಗಿ. ಮುಂಜಾನೆ ನಿನ್ನ ದನಿ ಕೇಳ್ತದ.”

“ಮತ್ತ ಖೋಟಂ ಯಾಕ ಹೇಳ್ದಿ ಅಜ್ಜಿ?” ಸುಳ್ಳು ಯಾಕೆ ಹೇಳಿದಿ ಅನ್ನುವುದನ್ನು ಅರ್ಧ ಮರಾಠಿಯಲ್ಲೇ ಕೇಳಿದಳು ಮಗಳು, ಮೂಗು ಒರೆಸಿಕೊಳ್ಳುತ್ತಾ.

“ಇನ್ನ ಹೇಳಂಗಿಲ್ಲ. ಆದ್ರ ನೀನೂ ಏನ್ ಉಂಡಿ ಅಂತ ನನಗ ಹೇಳ್ಬೇಕು. ಬರೇ ನನ್ನ ಕೇಳ್ತಿ, ನೀ ಒಂದಿನಾ ಹೇಳಿಲ್ಲ.”

ಆ ರವಿವಾರ ಅಪ್ಪ ಮಗಳು ಕೂತು ಪ್ರಶ್ನೆ ಬದಲಿಸಿದೆವು. ಈಗ ಫೋನು “ಅಜ್ಜಿ, ಇವತ್ತ ಏನ್ ತಿಂದಿ?” ಎಂದು ಕೇಳುತ್ತದೆ. ಬರೀ ಆತು ಅಂದರೆ ಬಿಡುವುದಿಲ್ಲ, ತಿಂದದ್ದರ ಹೆಸರು ಹೇಳಬೇಕು. ಹೇಳದಿದ್ದರೆ ಮಾತ್ರೆಯ ಮಾತೇ ಎತ್ತುವುದಿಲ್ಲ, ನೇರವಾಗಿ ನನಗೂ ಕಾಕುಗೂ ಕರೆ ಬರುತ್ತದೆ. ಎಲ್ಲ ವಾಕ್ಯಗಳನ್ನೂ ಡಾಕ್ಟರಿಗೆ ಓದಿ ಹೇಳಿ, ಅವರು ಸರಿ ಅಂದ ಮೇಲೆಯೇ ಶುರು ಮಾಡಿದ್ದು.

ಶ್ರೇಯಾ ಹಾಸ್ಟೆಲ್‌ಗೆ ಮರಳಿದ್ದಳು. ಮುಂದಿನ ಸೋಮವಾರ ನಾನು ರಜೆ ಹಾಕಿ ಮನೆಯಲ್ಲೇ ಇದ್ದೆ. ಫೋನು ಕೇಳಿತು. ಅವ್ವ ದೇವರ ಜಗಲಿ ಕಡೆ ಒಮ್ಮೆ ನೋಡಿದಳು. ಆಮೇಲೆ ತಟ್ಟೆ ಎಳೆದುಕೊಂಡು ತಿಂದು, “ಒಂದ್ ಜೋಳದ ಭಕ್ರಿ, ಹೆಸರಬ್ಯಾಳಿ ಪಲ್ಯ” ಅಂದಳು. ಅಷ್ಟಕ್ಕೇ ಬಿಡಲಿಲ್ಲ. “ನೀ ಏನ್ ಉಂಡಿ ತಂಗಿ?”

ಫೋನಿನಲ್ಲಿ ಅದಕ್ಕೆ ಉತ್ತರ ಇರಲಿಲ್ಲ.

ಅವ್ವ ಹೀಗೆ ಕೇಳಿದಳು, ಒಂದು ಉತ್ತರ ರೆಕಾರ್ಡ್ ಮಾಡಿ ಹಾಕಿಬಿಡು ಎಂದು ಶ್ರೇಯಾಗೆ ಮೆಸೇಜ್ ಮಾಡಿದೆ. ಬೇಡ ಪಪ್ಪಾ ಅಂತ ಬರೆದಳು. ಮರುಕ್ಷಣ ಅವ್ವನ ಮೊಬೈಲ್ ರಿಂಗ್ ಆಯಿತು. “ಅಜ್ಜಿ, ನಾ ಮೆಸ್‌ನಾಗ ಪೋಹೆ ಖಾಲ್ಲೆ... ಅವಲಕ್ಕಿ ತಿಂದೆ.”

ಈಗ ದಿನಾ ಹೀಗೇ ನಡೆದಿದೆ. ಅವ್ವ ಭಕ್ರಿ ಅನ್ನುತ್ತಾಳೆ, ಶ್ರೇಯಾ ಪೋಹೆ ಅನ್ನುತ್ತಾಳೆ.

ನಿಮ್ಮ ಮನೆಯ ಹಿರಿಯರು ಊಟ ಆತು ಅಂದಾಗ, ಏನು ಉಂಡಿರಿ ಎಂದು ಮತ್ತೊಮ್ಮೆ ಕೇಳುತ್ತೀರಾ?